ಲೂರ್ದಮ್ಮ ಡಾಕ್ಟ್ರು ಮತ್ತು ನಮ್ಮಮ್ಮನ ಸೋಮವಾರಗಳು

ಲೂರ್ದಮ್ಮ ಡಾಕ್ಟ್ರು ಬಂದ ಪೇಶೆಂಟಿಗೆಲ್ಲ ಕೈ ಕುಲುಕುತ್ತಿದ್ದರು. ಸೂಟು ಬೂಟು ಹಾಕಿಕೊಂಡು ಬಂದವರಿಗೆ ಮಾತ್ರ ಅಂದುಕೊಳ್ಳಬೇಡಿ. ಹುಟ್ಟಿದಾಗಿಂದ ಯಾರ ಕೈಯನ್ನೂ ಕುಲುಕಿರದ ಅಜ್ಜಿಯರು, ಸೆರಗಿನೊಳಗೆ ಕೈ ಮುಚ್ಚಿಕೊಂಡು ಬರುವ ಹೂವಿನವರು, ಗಾರೆ ಕೆಲಸದವರು, ಎಲ್ಲರಿಗೂ ಮೇಜಿನಾಚೆಯಿಂದ ಬಲಗೈ ಚಾಚಿ, "ಕೊಡಿ ಇಲ್ಲಿ ಕೈಯ" ಅನ್ನುತ್ತಿದ್ದರು. ಯಾರಾದರೂ ಕೈ ಜೋಡಿಸಿದರೆ, "ನಮಸ್ಕಾರ ದೇವರಿಗಿರ್ಲಿ, ನಂಗೆ ಕೈ ಬೇಕು" ಅನ್ನೋರು. ಹಿಡಿದ ಕೈಯನ್ನು ಬೇಗ ಬಿಡುತ್ತಲೂ ಇರಲಿಲ್ಲ. ಬೆವರಿ ಬೆಚ್ಚಗಿದೆಯೋ, ತಣ್ಣಗೆ ಒರಟಾಗಿದೆಯೋ, ಬೆರಳು ನಡುಗುತ್ತಿದೆಯೋ, ಉಗುರು ಬಿಳಿಚಿದೆಯೋ ಅಂತ ನೋಡಿ ಮುಗಿಸುವಷ್ಟರಲ್ಲಿ ಅಜ್ಜಿ ನಾಚಿಕೆಯಿಂದ ನೆಲ ನೋಡುತ್ತ ನಿಂತಿರುತ್ತಿದ್ದಳು. ಥೈರಾಯ್ಡು, ರಕ್ತ ಕಮ್ಮಿ, ನರದ ತೊಂದರೆ, ಇವೆಲ್ಲ ಅರ್ಧಕ್ಕರ್ಧ ಕೈಯಲ್ಲೇ ಸಿಕ್ಕಿಬಿಡುತ್ತವೆ ಅನ್ನುವುದು ಅವರ ಲೆಕ್ಕ.

ಮೈಸೂರಿನ ಶ್ರೀರಾಂಪುರದಲ್ಲಿ ನನ್ನ ಮನೆಗೆ ಹತ್ತಿರವೇ, ಹಿಟ್ಟಿನ ಗಿರಣಿಯ ಪಕ್ಕ ಅವರ ಕ್ಲಿನಿಕ್ಕು. ಗಿರಣಿ ಓಡುವಾಗ ಪೇಶೆಂಟಿನ ಎದೆ ಬಡಿತ ಕೇಳುವುದಿಲ್ಲ ಅಂತ ಗಿರಣಿಯವನ ಹತ್ತಿರ ಜಗಳಕ್ಕೆ ನಿಂತು, ಕ್ಲಿನಿಕ್ ತೆರೆದಿರುವ ಹೊತ್ತಿನಲ್ಲಿ ಗಿರಣಿ ನಿಲ್ಲಿಸುವ ಹಾಗೆ ಮಾಡಿದ್ದರು. ಅವನು ಬೈದುಕೊಂಡೇ ನಿಲ್ಲಿಸುತ್ತಿದ್ದ, ಬಿ.ಪಿ. ಏರಿದಾಗ ಅವರ ಹತ್ತಿರವೇ ಬರುತ್ತಿದ್ದ. ಪೂರ್ತಿ ಹೆಸರು ಡಾ. ಲೂರ್ದ್ ಮೇರಿ. ಮೈಸೂರಿನ ಹಳೇ ಕ್ಯಾಥೊಲಿಕ್ ಮನೆಯವರು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ಫಿಜಿಷಿಯನ್. ಅಂದರೆ ಕೊಯ್ಯದೆ ಹೊಲಿಯದೆ, ಕೇಳಿ, ನೋಡಿ, ಮುಟ್ಟಿ, ಮಾತ್ರೆ ಬರೆಯುವ ಡಾಕ್ಟ್ರು. ಸಕ್ಕರೆ ಕಾಯಿಲೆ, ಬಿ.ಪಿ., ಜ್ವರ, ದಮ್ಮು, ಮೈಸೂರಿನ ಜನಕ್ಕೆ ದಿನಾ ಬರುವ ಕಾಯಿಲೆಗಳೇ ಅವರ ಕೆಲಸ. ಬಾಗಿಲ ಮೇಲೆ ಒಂದು ಬೋರ್ಡು: "ಇಲ್ಲಿ ಡ್ರಿಪ್ ಹಾಕುವುದಿಲ್ಲ. ಕೇಳಿ ಬೇಜಾರು ಮಾಡಬೇಡಿ." ಅದನ್ನು ಓದಿದವರೂ ಒಳಗೆ ಹೋಗಿ ಡ್ರಿಪ್ಪೇ ಕೇಳುತ್ತಿದ್ದರು, ನಾನೂ ಕೇಳಿದೆ.

ನಾನು ಹೆಬ್ಬಾಳದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ಲೈನಿನಲ್ಲಿ ಕೆಲಸ ಮಾಡುವವಳು. ಹೆಸರು ಗಿರಿಜಾ. ಒಂದು ಸಲ ಜ್ವರ ಬಂದು ಮೈ ಹಣ್ಣಾಗಿತ್ತು. ಲೈನು ತಪ್ಪಿಸುವ ಹಾಗಿರಲಿಲ್ಲ. ನೇರ ಹೋಗಿ ಕೂತವಳೇ, "ಒಂದ್ ಬಾಟ್ಲು ಹಾಕ್ಬುಡಿ ಮೇಡಂ, ನಾಳೆ ಡ್ಯೂಟಿಗೆ ಹೋಗ್ಬೇಕು" ಅಂದೆ.

"ಬಾಯಿ ಇದೆಯಾ ನಿಂಗೆ?"

"ಇದೆ."

"ನೀರು ಇಳಿಯುತ್ತಾ?"

"ಇಳಿಯುತ್ತೆ."

"ಮತ್ತೆ ಸೂಜಿ ಯಾಕಮ್ಮ? ಗಂಜಿ ಕುಡಿ, ಮಜ್ಜಿಗೆ ಕುಡಿ, ಮಲಕ್ಕೊ. ಜ್ವರಕ್ಕೆ ಅದರದ್ದೇ ದಿನ ಇರುತ್ತೆ, ನಿನ್ನ ಫ್ಯಾಕ್ಟರಿ ಶಿಫ್ಟ್ ನೋಡ್ಕೊಂಡು ಹೋಗಲ್ಲ ಅದು."

ನನಗೂ ಬಾಯಿ ಕಮ್ಮಿ ಇಲ್ಲ. "ಆಚೆ ರಸ್ತೆ ಡಾಕ್ಟ್ರು ಕೇಳಿದ ತಕ್ಷಣ ಹಾಕ್ತಾರೆ" ಅಂದೆ. "ಹಂಗಾದ್ರೆ ಅಲ್ಲಿಗೇ ಹೋಗು. ಹೋಗೋಕೆ ಮುಂಚೆ ಕಣ್ಣು ತೋರಿಸಿ ಹೋಗು" ಅಂದವರೇ ಎದ್ದು ಬಂದು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಲ್ವಾ? ಯಾವಾಗಿಂದ?" ನಾನು ಯಾರಿಗೂ ಹೇಳಿರಲಿಲ್ಲ ಅದನ್ನ. ಫ್ಯಾಕ್ಟರಿಯ ಮೆಟ್ಟಿಲಲ್ಲಿ ಚಪ್ಪಲಿ ಸರಿ ಮಾಡಿಕೊಳ್ಳುವ ನೆಪದಲ್ಲಿ ನಿಂತು ಉಸಿರು ತೆಗೆದುಕೊಂಡು ಹೋಗುತ್ತಿದ್ದೆ. "ಏನೋ ವೀಕ್‌ನೆಸ್ ಮೇಡಂ" ಅಂದೆ. ಅವರಿಗೆ ರೇಗಿತು.

"ವೀಕ್‌ನೆಸ್ ಅನ್ನೋ ಕಾಯಿಲೆ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ ಕಣಮ್ಮ. ಡಾಕ್ಟ್ರಿಗೆ ಯೋಚನೆ ಮಾಡೋಕೆ ಬೇಜಾರಾದಾಗ ಬರೆಯೋ ಹೆಸರು ಅದು. ಮುಟ್ಟು ಎಷ್ಟು ದಿನ ಹೋಗುತ್ತೆ? ನಾಚ್ಕೋಬೇಡ, ಹೇಳು."

ರಕ್ತ ತೀರಾ ಕಡಿಮೆಯಿತ್ತು. ಕಬ್ಬಿಣದ ಮಾತ್ರೆ ಬರೆದರು, ಹೆಂಗಸರ ಡಾಕ್ಟ್ರ ಹತ್ತಿರ ಕಳಿಸಿದರು, ಕಾಫಿಯ ಜೊತೆ ಮಾತ್ರೆ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ ಅಂತ ಗದರಿ ಹೇಳಿದರು. ಡ್ರಿಪ್ ಮಾತ್ರ ಹಾಕಲಿಲ್ಲ. ಆವತ್ತು ಮನೆವರೆಗೂ ಬೈದುಕೊಂಡೇ ಹೋದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿದ್ದೆ.

ಅಲ್ಲಿಂದ ನಮ್ಮ ಲೈನಿನ ಹೆಂಗಸರನ್ನೆಲ್ಲ ಅಲ್ಲಿಗೇ ಕರೆದುಕೊಂಡು ಹೋಗೋಕೆ ಶುರು ಮಾಡಿದೆ. ಅರ್ಧ ಜನಕ್ಕೆ ಉರಿಮೂತ್ರ. ಒಬ್ಬಳಿಗೆ ಮಾತ್ರೆ ಕೊಟ್ಟು ವಾಸಿಯಾಗುವಷ್ಟರಲ್ಲಿ ಇನ್ನೊಬ್ಬಳು, ಆಮೇಲೆ ಮತ್ತೆ ಮೊದಲಿನವಳೇ. ಲೂರ್ದಮ್ಮನವರು ಪೆನ್ನು ಕೆಳಗಿಟ್ಟು ಕೇಳಿದರು, "ನೀವೆಲ್ಲ ನೀರು ಕುಡಿಯಲ್ವಾ?" ಕುಡಿದರೆ ಎದ್ದು ಹೋಗಬೇಕು, ಎದ್ದರೆ ಮುಂದಿನವಳಿಗೆ ಹೋಗಬೇಕಾದ ಪೀಸು ನಿಲ್ಲುತ್ತೆ, ಪೀಸು ನಿಂತರೆ ಸೂಪರ್‌ವೈಸರ್ ಕೂಗುತ್ತಾನೆ, ಅದಕ್ಕೇ ಬೆಳಗಿನ ಕಾಫಿ ಬಿಟ್ಟರೆ ಮಧ್ಯಾಹ್ನದವರೆಗೂ ಬಾಯಿಗೆ ನೀರು ಹಾಕಲ್ಲ ಅಂದೆ. ಅವರು ಚೀಟಿ ತೆಗೆದು, ಪೇಶೆಂಟ್ ಹೆಸರಿನ ಜಾಗದಲ್ಲಿ ನಮ್ಮ ಲೈನಿನ ನಂಬರ್ ಬರೆದರು. ಔಷಧಿಯ ಜಾಗದಲ್ಲಿ, "ನೀರು, ಬಾಯಾರಿದಾಗಲೆಲ್ಲ. ಬಾತ್‌ರೂಮು, ಬಂದಾಗಲೆಲ್ಲ" ಅಂತ ಬರೆದು ರುಜು ಹಾಕಿ ಸೀಲು ಒತ್ತಿದರು. "ಹೋಗಿ ಅಂಟಿಸು ನಿಮ್ ಬೋರ್ಡಿಗೆ. ಕಿತ್ತಾಕಿದ್ರೆ ಹೇಳು, ಇನ್ನೊಂದು ಬರೆದುಕೊಡ್ತೀನಿ." ಮೂರು ಸಲ ಕಿತ್ತು ಹಾಕಿದರು, ಮೂರು ಸಲವೂ ಬರೆದುಕೊಟ್ಟರು. ಕೊನೆಗೆ ಮ್ಯಾನೇಜರೇ ಸುಸ್ತಾಗಿ ಬಿಟ್ಟುಬಿಟ್ಟ. ಡಾಕ್ಟ್ರ ಚೀಟಿ ಹರಿದು ಹಾಕಿದ ಮೇಲೆ ಯಾರಿಗಾದರೂ ಏನಾದರೂ ಆದರೆ ತನ್ನ ತಲೆಗೆ ಬರುತ್ತೆ ಅಂತ ಹೆದರಿದ್ದ.

ಇಷ್ಟೇ ಆಗಿದ್ದರೆ ಅವರು ನನಗೆ ಒಬ್ಬ ಒಳ್ಳೇ ಡಾಕ್ಟ್ರಾಗಿ ಇರೋರು. ನಮ್ಮಮ್ಮನ ವಿಷಯದಲ್ಲಿ ಅವರು ಮಾಡಿದ್ದಕ್ಕೆ ನಾನು ಸಾಯೋವರೆಗೂ ಋಣಿ.

ನಮ್ಮಮ್ಮ ನೀಲಮ್ಮ ವಿಜಯನಗರದಲ್ಲಿ ಅಣ್ಣನ ಮನೆಯಲ್ಲಿರುತ್ತಾಳೆ. ಅಣ್ಣ ಮಹದೇವಸ್ವಾಮಿಗೆ ಸಿಮೆಂಟು ಕಬ್ಬಿಣದ ಅಂಗಡಿ. ನಾವು ಲಿಂಗಾಯತರು. ಅಮ್ಮನಿಗೆ ಇಷ್ಟಲಿಂಗ ಅಂದರೆ ಪ್ರಾಣ. ಬೆಳಗ್ಗೆ ಸ್ನಾನ ಮಾಡಿ, ಕತ್ತಿನ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು, ಬಲಗೈಯಲ್ಲಿ ವಿಭೂತಿ, ಪತ್ರೆ ಏರಿಸುತ್ತ ಜಪಕ್ಕೆ ಕೂತರೆ ಜಗತ್ತು ಬೇಡ ಅವಳಿಗೆ. ಪೂಜೆ ಮುಗಿದು ಪಾದೋದಕ, ಅಂದರೆ ಲಿಂಗಕ್ಕೆ ಎರೆದ ನೀರು, ತೆಗೆದುಕೊಳ್ಳುವವರೆಗೂ ಹನಿ ನೀರು ಮುಟ್ಟುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಪೂಜೆ ಉದ್ದವಾಗುತ್ತ ಹೋಯಿತು. ಸೋಮವಾರವಂತೂ ಕೇಳಲೇಬೇಡಿ, ಮನೆಯವರೆಲ್ಲ ತಿಂಡಿ ತಿಂದು ಕೆಲಸಕ್ಕೆ ಹೋಗಿ ಆಗಿರುತ್ತಿತ್ತು. ನಾನೂ ಲಿಂಗ ಕಟ್ಟಿಸಿಕೊಂಡವಳೇ, ಆದರೆ ನನ್ನ ಪೂಜೆ ನೆಂಟರು ಬಂದಾಗ ಮಾತ್ರ.

ಒಂದು ಸೋಮವಾರ ಅಮ್ಮ ಪೂಜೆಯಲ್ಲಿ ಕೂತಿದ್ದ ಹಾಗೇ ಬೆವರಿ ನಡುಗಿ ಏನೇನೋ ಮಾತಾಡಿದಳಂತೆ. ಅತ್ತಿಗೆ ಹೆದರಿ ಪ್ರಸಾದದ ಬಾಳೆಹಣ್ಣು ಸಕ್ಕರೆ ಬಾಯಿಗಿಟ್ಟ ಮೇಲೆ ಸರಿಯಾದಳು. ಮುಂದಿನ ಸೋಮವಾರ ಮತ್ತೆ ಹಾಗೇ. ಅದರ ಮುಂದಿನ ಸೋಮವಾರ ಕೈಕಾಲು ಸೆಟೆದುಕೊಂಡು ಬಿದ್ದಳು. ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಸುದ್ದಿ ಹಬ್ಬಿಬಿಟ್ಟಿತ್ತು, ನೀಲಮ್ಮನ ಮೈಮೇಲೆ ಶಿವ ಬರ್ತಾನೆ, ಪ್ರಸಾದ ತಿಂದ ಮೇಲೆ ಹೋಗ್ತಾನೆ ಅಂತ. ಎದುರು ಮನೆಯಾಕೆ ತಟ್ಟೆಯಲ್ಲಿ ಹೂವು ಹಣ್ಣು ಇಟ್ಟುಕೊಂಡು ಬಂದು, ಮಗನಿಗೆ ಮೈಸೂರಿಗೇ ವರ್ಗ ಆಗುತ್ತಾ ಅಂತ ಅಮ್ಮನನ್ನು ಕೇಳಿದಳಂತೆ. ಅಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನನ್ ಲಿಂಗ ನನ್ ಕೈಲೇ ಅದೆ. ಅವನು ಮೈಮೇಲ್ ಯಾಕ್ ಬತ್ತಾನೆ? ಎದ್ದೋಗಮ್ಮಿ ಸುಮ್ಕೆ" ಅಂತ ಓಡಿಸಿದಳು.

ಅಣ್ಣ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ತಲುಪುವ ಹೊತ್ತಿಗೆ ಅಮ್ಮ ಸರಿಯಾಗೇ ಇರುತ್ತಿದ್ದಳು, ಸಕ್ಕರೆ ನೋಡಿದರೆ ಸರಿಯಾಗೇ ಇತ್ತು. ನಡುಗಿದ್ದು, ಸೆಟೆದುಕೊಂಡಿದ್ದು ಕೇಳಿ ಫಿಟ್ಸ್ ಅಂದರು. ಫಿಟ್ಸಿನ ಮಾತ್ರೆ ಕೊಟ್ಟರು. ಅದನ್ನು ನುಂಗಿ ನುಂಗಿ ಅಮ್ಮ ದಿನವಿಡೀ ತೂಕಡಿಸುತ್ತಿದ್ದಳು, ನಾಲಿಗೆ ತಡವರಿಸುತ್ತಿತ್ತು, ಮೊಮ್ಮಕ್ಕಳ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಸೋಮವಾರದ್ದು ಮಾತ್ರ ನಿಲ್ಲಲಿಲ್ಲ. ಮನೆಯಲ್ಲಿ ಎಲ್ಲರೂ, ಅಮ್ಮನ ತಲೆ ಹೋಯಿತು ಅನ್ನುವುದಕ್ಕೆ ಶುರು ಮಾಡಿದರು. ದೀಪದ ಮುಂದೆ ಬಿದ್ದು ಸುಟ್ಟುಕೊಂಡರೆ ಏನು ಗತಿ ಅಂತ ಅಣ್ಣ ತೀರ್ಮಾನ ಮಾಡಿಬಿಟ್ಟ. ಪೂಜೆ ಸಾಕು, ಲಿಂಗವನ್ನು ಮಠದಲ್ಲಿ ಒಪ್ಪಿಸಿಬಿಡೋಣ, ಅಲ್ಲಿ ಸ್ವಾಮಿಗಳೇ ಪೂಜೆ ಮಾಡ್ತಾರೆ.

ಲಿಂಗ ಕಟ್ಟಿಕೊಂಡವರ ಮೈಯಿಂದ ಜೀವ ಇರುವಾಗ ಲಿಂಗ ಬಿಚ್ಚುವುದು ಅಂದರೆ ಜೀವ ತೆಗೆದ ಹಾಗೇ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಅಮ್ಮ ಅಳಲಿಲ್ಲ. ತೂಕಡಿಸುತ್ತಲೇ ಎರಡೂ ಕೈಯಲ್ಲಿ ಕರಡಿಗೆ ಹಿಡಿದುಕೊಂಡು, "ಕತ್ ಕುಯ್ದು ತಗೊಂಡೋಗು" ಅಂದಳು. ಮಠಕ್ಕೆ ಹೋಗುವುದಕ್ಕೆ ಮುಂಚೆ ಒಂದೇ ಒಂದು ಸಲ ಲೂರ್ದಮ್ಮ ಡಾಕ್ಟ್ರಿಗೆ ತೋರಿಸೋಣ ಅಂತ ಅಣ್ಣನ ಹತ್ತಿರ ಜಗಳವಾಡಿ ಒಪ್ಪಿಸಿದೆ.

ಶನಿವಾರ ಸಂಜೆ ಮೂವರೂ ಹೋದೆವು. ಅಣ್ಣ ದಪ್ಪ ಫೈಲನ್ನು ಮೇಜಿನ ಮೇಲಿಟ್ಟು, "ಅಮ್ಮಂಗೆ ಫಿಟ್ಸು ಡಾಕ್ಟ್ರೇ, ಜೊತೆಗೆ ಮರೆವು ಬೇರೆ" ಅಂತ ಶುರು ಮಾಡಿದ. ಲೂರ್ದಮ್ಮನವರು ಅಮ್ಮನ ಕೈ ಹಿಡಿದುಕೊಂಡೇ ಅವನ ಕಡೆ ತಿರುಗಿದರು.

"ನಿಮ್ಮ ಹೆಸರು ನೀಲಮ್ಮನಾ?"

"ಅಲ್ಲ, ನಾನು ಅವರ ಮಗ..."

"ಹಂಗಾದ್ರೆ ಆಚೆ ಕೂತ್ಕೊಳ್ಳಿ. ಫೈಲ್ ಆಮೇಲೆ ನೋಡ್ತೀನಿ."

ಅಂಗಡಿಯಲ್ಲಿ ನಾಲ್ಕು ಜನರ ಮೇಲೆ ಕೂಗಾಡುವ ಅಣ್ಣ ಬೆಪ್ಪಾಗಿ ಎದ್ದು ಹೋಗಿ ಗಿರಣಿ ಮುಂದೆ ನಿಂತುಕೊಂಡ. ಡಾಕ್ಟ್ರು ಕುರ್ಚಿ ಎಳೆದುಕೊಂಡು ಅಮ್ಮನ ಎದುರಿಗೆ ಬಂದು ಕೂತರು. "ನೀಲಮ್ಮನೋರೇ, ಸೋಮವಾರ ಬೆಳಗ್ಗೆ ಎದ್ದಾಗಿಂದ ಏನೇನು ಮಾಡ್ತೀರ, ಒಂದೂ ಬಿಡದೆ ಹೇಳಿ. ನಂಗೇನೂ ಆತುರ ಇಲ್ಲ."

ಅಮ್ಮ ತೂಕಡಿಸುತ್ತ, ನಿಲ್ಲಿಸುತ್ತ ಹೇಳಿದಳು. ಎದ್ದೆ, ಮುಖ ತೊಳೆದೆ, ಹೂವು ಬಿಡಿಸಿದೆ, ಮಾತ್ರೆ ನುಂಗಿದೆ, ಸ್ನಾನ ಮಾಡಿದೆ.

"ಯಾವ ಮಾತ್ರೆ?"

"ಸಕ್ಕರೆ ಕಾಯ್ಲೇದು. ಒಂದಿತ್ತು, ಈಗ ಎಲ್ಡು ಮಾಡವ್ರೆ."

"ನೀರಲ್ಲಿ ನುಂಗ್ತೀರಾ?"

"ಪೂಜೆಗ್ ಮುಂಚೆ ನೀರೆಲ್ಲಿ ಕುಡೀತಾರೆ? ಅಂಗೇ ನುಂಗ್ತೀನಿ. ಔಸ್ದಿಗೆ ದೋಸ ಇಲ್ಲ."

"ಆಮೇಲೆ ಪೂಜೆ. ಎಷ್ಟು ಹೊತ್ತು?"

"ಗಡಿಯಾರ ಯಾರ್ ನೋಡ್ತಾರೆ ಡಾಕ್ಟ್ರೇ."

"ತಿಂಡಿ?"

"ಪೂಜೆ ಆದ್ಮೇಲೆ ತಾನೆ ತಿಂಡಿ."

ಲೂರ್ದಮ್ಮನವರು ಎದ್ದು ಅಣ್ಣನನ್ನು ಒಳಗೆ ಕರೆದು, ಫೈಲು ತೆಗೆದು, ಆ ಸಕ್ಕರೆ ಮಾತ್ರೆಯ ಮುಂದೆ ಬೆರಳಿಟ್ಟು ತೋರಿಸಿದರು. "ಊಟಕ್ಕೆ ಮುಂಚೆ ಅಂತ ಬರೆದಿದಾರೆ. ಇವರು ಮುಂಚೇನೇ ನುಂಗ್ತಿದಾರೆ, ಒಂದು ದಿನವೂ ತಪ್ಪಿಸಿಲ್ಲ. ಊಟ ಎಲ್ಲಿದೆ? ಈ ಮಾತ್ರೆ ರಕ್ತದ ಸಕ್ಕರೆ ಇಳಿಸುತ್ತೆ. ಹೊಟ್ಟೇಲಿ ಏನೂ ಇಲ್ಲದಿದ್ರೆ ಇಳೀತಾನೇ ಹೋಗುತ್ತೆ. ತಲೆಗೆ ಸಕ್ಕರೆ ಸಿಗದಿದ್ರೆ ಮನುಷ್ಯ ಬೆವರ್ತಾನೆ, ನಡುಗ್ತಾನೆ, ಏನೇನೋ ಮಾತಾಡ್ತಾನೆ, ಕೊನೆಗೆ ಫಿಟ್ಸೂ ಬರುತ್ತೆ. ಪ್ರಸಾದದ ಸಕ್ಕರೆ ಬಾಯಿಗೆ ಬಿದ್ರೆ ಸರಿಹೋಗುತ್ತೆ. ಮಾತ್ರೆ ಎರಡಾದ ಮೇಲೆ ಶುರುವಾಗಿದೆ, ಸೋಮವಾರ ಪೂಜೆ ಉದ್ದ, ಅದಕ್ಕೇ ಸೋಮವಾರ."

"ಅಷ್ಟು ದೊಡ್ಡ ಆಸ್ಪತ್ರೆಯವರಿಗೆ ಗೊತ್ತಾಗ್ಲಿಲ್ವಾ?" ಅಂದ ಅಣ್ಣ.

"ಅವರಿಗೆ ಪೂಜೆ ವಿಷಯ ಯಾರಾದ್ರೂ ಹೇಳಿದ್ರಾ? ಮಾತಾಡಿದ್ದೆಲ್ಲ ನೀವೇ ತಾನೆ?"

ನಾಳೆಯಿಂದ ಆ ಮಾತ್ರೆ ಕೊಡಬೇಡಿ, ಸೋಮವಾರ ಬೆಳಗ್ಗೆ ನಾನೇ ಬಂದು ನೋಡ್ತೀನಿ ಅಂದರು. ಅಣ್ಣ ಫೈಲು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ.

ಸೋಮವಾರ ರಜೆ ಹಾಕಿ ನಾನು ವಿಜಯನಗರಕ್ಕೆ ಹೋದೆ. ಲೂರ್ದಮ್ಮನವರು ಸ್ಕೂಟರ್ ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಬರುವಾಗ ಅಮ್ಮ ಸ್ನಾನ ಮುಗಿಸಿ ಮಡಿಯುಟ್ಟು ನಿಂತಿದ್ದಳು. ಅಣ್ಣ ಹೇಳಿದ, "ಮಾತ್ರೆ ಕೊಟ್ಬುಟ್ಟಿದೀನಿ ಡಾಕ್ಟ್ರೇ. ಅಷ್ಟು ಜನ ಸ್ಪೆಷಲಿಸ್ಟ್‌ಗಳು ಹೇಳಿದ್ದನ್ನ ನಿಮ್ಮೊಬ್ಬರ ಮಾತಿಗೆ ಬಿಡೋಕಾಗುತ್ತಾ?"

ಅವರ ಮುಖ ಕೆಂಪಗಾಯಿತು. ಎರಡು ಬಾರಿಸ್ತಾರೇನೋ ಅಂದುಕೊಂಡೆ, ಬಾರಿಸಿದ್ದರೆ ನನಗೆ ಸಂತೋಷವೇ ಆಗುತ್ತಿತ್ತು. "ಒಳಗೆ ಹೋದದ್ದನ್ನ ವಾಪಸ್ ತೆಗೆಯೋಕಾಗಲ್ಲ. ಇನ್ನು ನಾನು ಇಲ್ಲಿಂದ ಏಳಲ್ಲ" ಅಂದವರೇ ದೇವರ ಮನೆ ಹೊಸ್ತಿಲ ಪಕ್ಕ ಮಣೆ ಹಾಕಿಕೊಂಡು ಕೂತರು. ಇವತ್ತೊಂದು ದಿನ ಮೊದಲು ಏನಾದರೂ ತಿಂದು ಪೂಜೆಗೆ ಕೂತ್ಕೊಳ್ಳಿ ಅಂತ ಅಮ್ಮನನ್ನು ಕೇಳಿಕೊಂಡರು.

"ಆಗಾಕಿಲ್ಲ ಡಾಕ್ಟ್ರೇ. ಲಿಂಗ ಕಟ್ದಾಗಿಂದ ತಪ್ಪಿಲ್ಲ. ಪ್ರಾಣ ಓದ್ರೆ ಓಗ್ಲಿ."

"ಪ್ರಾಣ ಹೋಗೋಕೆ ನಾನು ಬಿಡಲ್ಲ. ನೀವು ನಿಮ್ಮ ಪೂಜೆ ಬಿಡಬೇಡಿ, ನಾನು ನನ್ನ ಕೆಲಸ ಬಿಡಲ್ಲ. ಮಧ್ಯದಲ್ಲಿ ಒಂದು ಹನಿ ರಕ್ತ ಬೇಕು. ಬೆರಳು ಕೊಡ್ತೀರಾ?"

"ಎಡಗೈಲಿ ಲಿಂಗ ಇರ್ತದೆ, ಬಲಗೈಲಿ ಪೂಜೆ. ಎಲ್ಡ್ ಕೈಗೂ ರಕ್ತ ಸೋಕ್ಬಾರ್ದು."

"ಕಾಲಬೆರಳು?"

"ಪೂಜೇಲಿ ಕಾಲ್ ಮುಟ್ತಾರಾ?"

ಲೂರ್ದಮ್ಮನವರು ಯೋಚನೆ ಮಾಡಿದರು. ಅಮ್ಮನ ಮುಖವನ್ನೇ ನೋಡುತ್ತಿದ್ದವರು, "ಕಿವಿ?" ಅಂದರು.

ಈಗ ಯೋಚನೆ ಮಾಡುವ ಸರದಿ ಅಮ್ಮನದು. ಓಲೆ ಮುಟ್ಟಿ ನೋಡಿಕೊಂಡಳು. "ಕಿವಿ ಆಗ್ಬೋದು. ಕಿವೀನ ದೇವ್ರ ಮುಂದೇನೆ ಚುಚ್ಚಿಸವ್ರೆ. ಅದ್ಕೆ ದೋಸ ಇಲ್ಲ."

ಇಂಥ ಚೌಕಾಸಿಯನ್ನು ನಾನು ಮಾರ್ಕೆಟ್ಟಿನಲ್ಲೂ ನೋಡಿಲ್ಲ. ಇಬ್ಬರಲ್ಲಿ ಒಬ್ಬರೂ ನಗಲಿಲ್ಲ.

ಅಮ್ಮ ಜಪಕ್ಕೆ ಕೂತಳು. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿತ್ತು. ಆಮೇಲೆ ಪತ್ರೆ ಲಿಂಗದ ಮೇಲೆ ಬೀಳದೆ ಮಡಿಲಿಗೆ ಬೀಳತೊಡಗಿತು. ಹಣೆಯ ವಿಭೂತಿ ಬೆವರಲ್ಲಿ ಕರಗಿ ಕೆನ್ನೆಗೆ ಇಳಿಯಿತು. ನನ್ನ ಕಡೆ ನೋಡಿ, ಯಾವತ್ತೋ ತೀರಿಕೊಂಡ ಅವಳ ತಂಗಿಯ ಹೆಸರು ಹಿಡಿದು ಕರೆದಳು. ಅಣ್ಣ, "ನೋಡಿ, ಫಿಟ್ಸ್ ಶುರುವಾಯ್ತು, ಆಂಬುಲೆನ್ಸ್ ಕರೀತೀನಿ" ಅಂತ ಫೋನ್ ತೆಗೆದ. ಲೂರ್ದಮ್ಮನವರು ಅವನ ಕಡೆ ನೋಡಲೂ ಇಲ್ಲ. ಅಮ್ಮನ ಕಿವಿಯ ಹಾಲೆ ಒರೆಸಿ, ಓಲೆಯ ಪಕ್ಕ ಸೂಜಿ ತಾಗಿಸಿ, ಬಂದ ಹನಿಯನ್ನು ಮೀಟರಿನ ಪಟ್ಟಿಗೆ ಹಿಡಿದರು. ಮೀಟರನ್ನು ಅಣ್ಣನ ಮುಖದ ಮುಂದೆ ತಂದರು.

"ಓದಿ. ಜೋರಾಗಿ."

"ನಲವತ್ತೊಂದು" ಅಂದ.

"ಎಪ್ಪತ್ತಕ್ಕಿಂತ ಕೆಳಗೆ ಇಳೀಬಾರ್ದು."

ಬ್ಯಾಗಿನಿಂದ ಗ್ಲೂಕೋಸ್ ತೆಗೆದು ನೀರಿಗೆ ಕದಡಿದರು. ಲೋಟ ತುಟಿಗೆ ಹಿಡಿದರೆ ಅಮ್ಮ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ನೋಡಿ, ಅಷ್ಟೊಂದು ಮಂಕು ಕವಿದಿದ್ದರೂ ಪೂಜೆ ಮುಗಿದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಅಣ್ಣ ಬಲವಂತವಾಗಿ ಬಾಯಿ ತೆಗೆಸಲು ಹೋದ, ಲೂರ್ದಮ್ಮನವರು ಅವನ ಕೈಗೆ ಫಟ್ ಅಂತ ಹೊಡೆದರು. ನನ್ನ ಕಡೆ ತಿರುಗಿದರು. "ಗಿರಿಜಾ, ನಿಮ್ಮ ಪದ್ಧತಿ ನಂಗೊತ್ತಿಲ್ಲ, ನಿಂಗೊತ್ತು. ಇದು ಈಗಲೇ ಒಳಗೆ ಹೋಗ್ಬೇಕು. ಬಾಯಲ್ಲಿ ಹೋಗದಿದ್ರೆ ನರಕ್ಕೇ ಕೊಡ್ತೀನಿ, ಆದ್ರೆ ಕೈಯಲ್ಲಿ ಲಿಂಗ ಇದೆ, ಆಮೇಲೆ ಅವರು ನನ್ನ ಮುಖ ನೋಡಲ್ಲ."

ನನಗೆ ಹೊಳೆಯಿತು. ಪಂಚಾಮೃತದಲ್ಲಿ ಸಕ್ಕರೆ ಇರುತ್ತೆ, ಪಂಚಾಮೃತ ಲಿಂಗಕ್ಕೆ ಸಲ್ಲುತ್ತೆ. ಅಮ್ಮನ ಎಡಗೈಯನ್ನು ಕೆಳಗಿಂದ ಹಿಡಿದುಕೊಂಡು, ಆ ಗ್ಲೂಕೋಸ್ ನೀರನ್ನು ಓಂ ನಮಃ ಶಿವಾಯ ಅನ್ನುತ್ತ ಲಿಂಗದ ಮೇಲೆ ಎರೆದೆ. ಇಳಿದು ಬಂದ ನೀರನ್ನು ಬಟ್ಟಲಲ್ಲಿ ಹಿಡಿದು ಅವಳ ತುಟಿಗೆ ತಂದು, "ಪಾದೋದಕ ಕಣಮ್ಮ, ತಗೊ" ಅಂದೆ. ಅಮ್ಮ ಬಾಯಿ ತೆರೆದಳು. ಗುಟುಕು ಗುಟುಕಾಗಿ ಬಟ್ಟಲು ಖಾಲಿ ಮಾಡಿದಳು. ಮತ್ತೆ ಎರೆದೆ, ಮತ್ತೆ ಕುಡಿದಳು. ನನ್ನ ಕಣ್ಣೀರು ಬಟ್ಟಲಿಗೆ ಬೀಳದಂತೆ ಮುಖ ಆಚೆ ತಿರುಗಿಸಿಕೊಂಡಿದ್ದೆ.

ಕಾಲು ಗಂಟೆಯೂ ಆಗಿರಲಿಕ್ಕಿಲ್ಲ. ಅಮ್ಮ ಸುತ್ತ ನೋಡಿ, "ಪತ್ರೆ ಯಾಕೆ ಮಡ್ಲಲ್ಲಿ ಬಿದ್ದವೆ?" ಅಂದಳು. ಆಮೇಲೆ ಹೊಸ್ತಿಲ ಕಡೆ ನೋಡಿ, "ಡಾಕ್ಟ್ರಿಗೆ ಕಾಫಿ ಕೊಟ್ರಾ ಯಾರಾದ್ರೂವೆ?" ಅಂತ ಕೇಳಿದಳು. ಲಿಂಗವನ್ನು ಕರಡಿಗೆಗೆ ಇಟ್ಟುಕೊಂಡ ಮೇಲೆ ಡಾಕ್ಟ್ರು ತಾವೇ ಇಡ್ಲಿ ತರಿಸಿ ಎದುರಿಗೆ ಕೂತು ತಿನ್ನಿಸಿದರು. ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಪೂಜೆ ಇನ್ನು ಮೇಲಾದರೂ ಸ್ವಲ್ಪ ಕಡಿಮೆ ಮಾಡಬಹುದಲ್ಲ ಅಂತ ಮೆಲ್ಲಗೆ ಕೇಳಿದ.

"ಯಾಕೆ? ಪೂಜೆಯಿಂದ ಅವರಿಗೆ ಏನೂ ಆಗಿಲ್ಲ. ಎಪ್ಪತ್ತು ವರ್ಷದ ಹೆಂಗಸನ್ನ ಬದಲಾಯಿಸೋದಕ್ಕಿಂತ ಮಾತ್ರೆ ಬದಲಾಯಿಸೋದು ಸುಲಭ ಕಣ್ರೀ. ಅದನ್ನ ನಾನು ಮಾಡ್ತೀನಿ."

ಆ ಮಾತ್ರೆ ನಿಲ್ಲಿಸಿ, ಪೂಜೆಯಾದ ಮೇಲೆ ತಿಂಡಿಯ ಜೊತೆ ನುಂಗುವಂಥ ಬೇರೆಯದನ್ನು ಬರೆದರು. ಎರಡು ದಿನ ಬೆಳಗ್ಗೆ ಸಂಜೆ ಬಂದು ಸಕ್ಕರೆ ನೋಡಿ ಹೋದರು. ಫಿಟ್ಸಿನ ಮಾತ್ರೆಯನ್ನು, ಅದನ್ನು ಕೊಟ್ಟ ಡಾಕ್ಟ್ರ ಜೊತೆಯೇ ಫೋನಿನಲ್ಲಿ ಮಾತಾಡಿ, ವಾದಿಸಿ, ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಅಮ್ಮನ ತೂಕಡಿಕೆ ಹೋಯಿತು, ನಾಲಿಗೆ ಮೊದಲಿನ ಹಾಗೆ ಹರಿತವಾಯಿತು. ಮೊಮ್ಮಕ್ಕಳ ಹೆಸರಷ್ಟೇ ಏನು, ಅತ್ತಿಗೆ ಯಾವ ಹಬ್ಬದಲ್ಲಿ ಯಾರ ಮುಂದೆ ಏನು ಅಂದಿದ್ದಳು ಅನ್ನುವುದೂ ನೆನಪಿಗೆ ಬಂತು. ಮಠಕ್ಕೆ ಲಿಂಗ ಒಪ್ಪಿಸುವ ಮಾತನ್ನು ಅಣ್ಣ ಮತ್ತೆ ಎತ್ತಲಿಲ್ಲ. ಅಮ್ಮ ಅವನಿಗೆ ಅದನ್ನು ಮರೆಯಲು ಬಿಟ್ಟೂ ಇಲ್ಲ.

ಹೋದ ವರ್ಷ ಲೂರ್ದಮ್ಮನವರ ಹೃದಯ ಸೋಲತೊಡಗಿತು. ನಮಗೆ ಹೇಳಿದವರು ಅವರೇ, ಇನ್ಯಾರದೋ ರಿಪೋರ್ಟು ಓದಿದ ಹಾಗೆ. "ಪಂಪು ಹಳೇದಾಯ್ತು. ಮಾತ್ರೆ ತಗೋತಿದೀನಿ, ಅದೂ ಓಡೋವಷ್ಟು ಓಡುತ್ತೆ." ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದರು. ಆದರೂ ಕ್ಲಿನಿಕ್ಕಿಗೆ ಬರುತ್ತಿದ್ದರು, ಡ್ರಿಪ್ ಕೇಳಿದವರನ್ನು ಬೈದು ಕಳಿಸುತ್ತಿದ್ದರು. ಕೊನೆಯ ಸಲ ಅಮ್ಮನನ್ನು ಕರೆದುಕೊಂಡು ಹೋದಾಗ, ಮುಂದೆ ಯಾವ ಡಾಕ್ಟ್ರ ಹತ್ತಿರ ತೋರಿಸಬೇಕು ಅಂತ ನಾನು ಕೇಳಿದೆ. ಅವರು ನನಗೆ ಉತ್ತರ ಕೊಡಲಿಲ್ಲ, ಅಮ್ಮನಿಗೇ ಹೇಳಿದರು. "ಯಾರ ಹತ್ರ ಬೇಕಾದ್ರೂ ಹೋಗಿ ನೀಲಮ್ಮನೋರೇ. ಆದ್ರೆ ನಿಮ್ಮ ಬೆಳಗ್ಗೆ ಹೆಂಗಿರುತ್ತೆ ಅಂತ ನೀವೇ ಹೇಳಿ. ಕೇಳದಿದ್ರೆ ಕೇಳೋವರೆಗೂ ಎದ್ದೇಳ್ಬೇಡಿ." ಅಮ್ಮ ಆಯ್ತು ಅಂದಳು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಂಡಿನೋವಿನ ಬಗ್ಗೆ ಮಾತಾಡಿದರು.

ಅವರು ಹೋದ ಸುದ್ದಿ ಬಂದ ದಿನ ಮಣ್ಣಿಗೆ ನಾನೂ ಬರ್ತೀನಿ ಅಂತ ಅಮ್ಮ ಹಟ ಹಿಡಿದಳು. ಎದುರು ಮನೆಯಾಕೆ, ಪೂಜೆ ಮಾಡುವವರು ಸಾವಿನ ಕಡೆ ಹೋಗಬಹುದಾ, ಅದೂ ಬೇರೆ ಜಾತಿಯವರ ಸಾವಿಗೆ ಅಂತ ರಾಗ ಎಳೆದಳು. "ಲಿಂಗ ಕಟ್ಕೊಂಡೋರ್ಗೆ ಸೂತ್ಕ ಇಲ್ಲ. ನಿಂಗಿದ್ರೆ ನೀನ್ ಮನೇಲಿರು" ಅಂದಳು ಅಮ್ಮ. ಅಣ್ಣನೇ ಕಾರು ತೆಗೆದ.

ಚರ್ಚಿನಲ್ಲಿ ಪೂಜೆ ಮುಗಿಸಿ ಸಮಾಧಿಯ ಹತ್ತಿರ ಬಂದರು. ಶ್ರೀರಾಂಪುರದ ಅರ್ಧ ಜನ ಅಲ್ಲಿದ್ದರು. ನಮ್ಮ ಲೈನಿನ ಹೆಂಗಸರು ಯೂನಿಫಾರಂನಲ್ಲೇ ಬಂದಿದ್ದರು. ಗಿರಣಿಯವನು ಎಲ್ಲರಿಗಿಂತ ಹಿಂದೆ ನಿಂತು ಗಟ್ಟಿಯಾಗಿ ಅಳುತ್ತಿದ್ದ. ಪೆಟ್ಟಿಗೆ ಇಳಿಸಿದರು. ಒಬ್ಬೊಬ್ಬರಾಗಿ ಬಂದು ಹಿಡಿ ಮಣ್ಣು ಹಾಕಿದರು. ಅಮ್ಮನೂ ನನ್ನ ತೋಳು ಹಿಡಿದುಕೊಂಡು ಹೋಗಿ ಮಣ್ಣು ಹಾಕಿದಳು. ನಾವೂ ಸತ್ತವರನ್ನು ಮಣ್ಣಿಗೇ ಕೊಡುವವರು, ಅದು ಅವಳಿಗೆ ಹೊಸದಲ್ಲ. ಆದರೆ ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಗುಂಡಿಯೊಳಗೆ ಪದ್ಮಾಸನ ಹಾಕಿ, ಕೈಗೆ ಲಿಂಗ ಕೊಟ್ಟು ಕೂರಿಸುತ್ತೇವೆ. ಅಮ್ಮ ಗುಂಡಿಯೊಳಗೆ ಬಗ್ಗಿ ನೋಡಿದಳು. ಬಾ ಅಂತ ನಾನು ತೋಳು ಎಳೆದರೂ ಕದಲಲಿಲ್ಲ.

"ಇದೇನ್ ಸ್ವಾಮಿ" ಅಂದಳು ಅಲ್ಲಿ ನಿಂತಿದ್ದ ಪಾದ್ರಿಗಳಿಗೆ, ಎಲ್ಲರಿಗೂ ಕೇಳುವ ಹಾಗೆ. "ಈಯಮ್ಮನ್ನ ಮಲಗಿಸ್ಬುಟ್ರಲ್ಲ. ಕೂರಿಸ್ಬೇಕಿತ್ತು."

ನಾನು ನಾಚಿಕೆಯಿಂದ ಕುಗ್ಗಿಹೋದೆ. ಡಾಕ್ಟ್ರ ತಂಗಿ ಕರವಸ್ತ್ರದಿಂದ ಮುಖ ಎತ್ತಿ ನೋಡಿದರು. ಪಾದ್ರಿಗಳು ಸಣ್ಣ ವಯಸ್ಸಿನವರು, ಒಳ್ಳೆಯವರು. ಅಮ್ಮನ ಕೈ ಹಿಡಿದುಕೊಂಡು ಸಮಾಧಾನವಾಗಿ, "ನಮ್ಮಲ್ಲಿ ಹೀಗೇ ಅಮ್ಮ. ಇಷ್ಟು ವರ್ಷ ದುಡಿದಿದಾರೆ, ಇನ್ನಾದ್ರೂ ವಿಶ್ರಾಂತಿ ತಗೊಳ್ಳಲಿ" ಅಂದರು.

ಎರಡು ವರ್ಷದ ಹಿಂದೆ ತಲೆ ಕೆಟ್ಟಿದೆ ಅಂತ ನಾವೆಲ್ಲ ಹೇಳುತ್ತಿದ್ದ ನಮ್ಮಮ್ಮ ಅವರನ್ನು ನೇರವಾಗಿ ನೋಡಿದಳು.

"ಇಸ್ರಾಂತಿ ಬೇಕು ಅಂತ ಅವ್ರೆಲ್ಲಿ ಕೇಳಿದ್ರು?"